ಹೊಟ್ಟೆ ಏನು ಹೇಳುತ್ತಿದೆ ಎಂದು ಮಗುವನ್ನೇ ಕೇಳುವ ಜಾಗ

ಮಂಗಳೂರಿನ ಬೆಂದೂರ್‌ವೆಲ್ ಸಮೀಪ ಮಕ್ಕಳಿಗೆ ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವ ಚಿಕಿತ್ಸೆ, ನೀಡುವ ಒಂದು ಸಣ್ಣ ಕೇಂದ್ರವಿದೆ. ಎರಡು ಕೋಣೆ, ಒಂದು ಉದ್ದನೆಯ ಬಾಲ್ಕನಿ, ಇಬ್ಬರು ಥೆರಪಿಸ್ಟರು. ಕಳೆದ ಶಾಲಾ ವರ್ಷದ ಬಹುಪಾಲು ಶನಿವಾರದ ಮಧ್ಯಾಹ್ನಗಳು ನನಗೂ ನನ್ನ ಮಗನಿಗೂ ಅಲ್ಲಿಯೇ ಕಳೆದವು. ಅವನಿಗೆ ಏಳು ವರ್ಷ, ಎರಡನೇ ತರಗತಿ. ಹಸಿವು, ಬಾಯಾರಿಕೆ, ಮೂತ್ರದ ಒತ್ತಡ, ಸೆಕೆ, ಸುಸ್ತು, ಸಿಟ್ಟು ನೆತ್ತಿಗೇರುವ ಮೊದಲು ಮೈಯಲ್ಲಿ ಏಳುವ ಬಿಸಿ, ಹೀಗೆ ಒಳಗಿನಿಂದ ಬರುವ ಸೂಚನೆಗಳನ್ನು ಮಗು ತಾನೇ ಗುರುತಿಸುವಂತೆ ಮಾಡುವುದು ಅವರು ನಮಗೆ ಕೊಟ್ಟ ಸೇವೆ. ಇದು ಅದರ ವಿಮರ್ಶೆ. ಕೊಟ್ಟ ಹಣಕ್ಕೆ ಮೋಸವಾಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದೂರುಗಳೂ ಇವೆ, ಅವನ್ನೂ ಬರೆಯುತ್ತೇನೆ.

ಕೇಂದ್ರದ ಹೆಸರು ಹಾಕಿಲ್ಲ. ಕಾಯುವವರ ಪಟ್ಟಿ ಈಗಾಗಲೇ ಉದ್ದವಿದೆ, ದಯವಿಟ್ಟು ಹೆಸರು ಬೇಡ ಎಂದು ಅವರೇ ಕೇಳಿಕೊಂಡರು. ಅದರಿಂದ ಓದುವವರಿಗೆ ನಷ್ಟವೇನೂ ಇಲ್ಲ. ವಿಧಾನ ತಿಳಿದಿದ್ದರೆ ನಿಮ್ಮ ಹತ್ತಿರದ ಯಾವ ಕೇಂದ್ರದಲ್ಲಾದರೂ ಇದನ್ನೇ ಕೇಳಿ ಪಡೆಯಬಹುದು.

ನನ್ನ ಮಗ ಮಾತಿನಲ್ಲಿ ಚುರುಕು. ಬಸ್ಸುಗಳ ನಂಬರು, ಅವು ಹೋಗುವ ದಾರಿ ಎಲ್ಲವೂ ಬಾಯಿಪಾಠ. ಆದರೆ ಮಧ್ಯಾಹ್ನ ಮೂರು ಗಂಟೆಯವರೆಗೆ ಊಟ ಬಡಿಸದಿದ್ದರೂ ಹಸಿವು ಎಂಬ ಮಾತು ಅವನ ಬಾಯಿಯಿಂದ ಬರುತ್ತಿರಲಿಲ್ಲ. ಅದರ ಬದಲು ಪೆನ್ಸಿಲ್ ಎಸೆಯುತ್ತಿದ್ದ, ತಂಗಿಯನ್ನು ದೂಡುತ್ತಿದ್ದ. ಚಡ್ಡಿ ಒದ್ದೆಯಾದ ಮೇಲೆಯೇ ಅವನಿಗೆ ಸುದ್ದಿ ತಲುಪುತ್ತಿತ್ತು, ಕೆಲವೊಮ್ಮೆ ಆಗಲೂ ಇಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮುಖ ಕೆಂಪಗೆ ಕಾದಿದ್ದರೂ ನೀರಿನ ಬಾಟಲಿ ಮುಚ್ಚಳ ತೆಗೆಯದೆ ಮನೆಗೆ ಬರುತ್ತಿತ್ತು. ಕುಟುಂಬದಲ್ಲಿ ಇದಕ್ಕೆ ತಲೆಗೊಂದು ಹೆಸರಿತ್ತು. ಒಬ್ಬರಿಗೆ ಹಠ, ಇನ್ನೊಬ್ಬರಿಗೆ ಸೋಮಾರಿತನ, ಮತ್ತೊಬ್ಬರಿಗೆ ಆಟದ ಮರುಳು. ದೃಷ್ಟಿ ತೆಗೆಯುವುದೂ ಆಯಿತು. ಇದು ಹಠವಲ್ಲ ಎಂದು ಮೊದಲು ನಂಬಿದವಳು ನನ್ನ ಹೆಂಡತಿ. ಬೇಕೆಂದೇ ಚಡ್ಡಿ ಒದ್ದೆ ಮಾಡಿಕೊಳ್ಳುವ ಮಗು ಆಮೇಲೆ ಅಷ್ಟು ನಾಚಿಕೆಯಿಂದ ಬಾಗಿಲ ಹಿಂದೆ ಅಡಗುವುದಿಲ್ಲ ಎಂದು ಅವಳು ಹೇಳಿದಳು.

ಶಾಲೆಯ ಪಾಠದಲ್ಲಿ ಪಂಚೇಂದ್ರಿಯಗಳು ಎಂದು ಐದನ್ನು ಕಲಿಯುತ್ತೇವೆ. ಥೆರಪಿಸ್ಟರ ಲೆಕ್ಕದಲ್ಲಿ ಇನ್ನೂ ಮೂರು ಇವೆ. ತಲೆ ವಾಲಿತೇ, ಮೈ ತಿರುಗಿತೇ ಎಂದು ತಿಳಿಸುವ ಸಮತೋಲನದ ಅರಿವು ಒಂದು. ಕೈಕಾಲು ಎಲ್ಲಿದೆ ಎಂದು ಕಣ್ಣು ಮುಚ್ಚಿದರೂ ತಿಳಿಸುವ ಸ್ನಾಯು ಮತ್ತು ಕೀಲುಗಳ ಅರಿವು ಇನ್ನೊಂದು. ಎಂಟನೆಯದು ಒಳಗಿನ ಅರಿವು, ಅವರು ಬಳಸುವ ಹೆಸರು ಇಂಟರೊಸೆಪ್ಷನ್. ಶರೀರದ ಒಳಗಿನಿಂದ ಸುದ್ದಿ ತರುವ ನರತುದಿಗಳನ್ನು ಪ್ರತ್ಯೇಕವಾಗಿ ಗುರುತಿಸಿ ಬರೆದವರು ಬ್ರಿಟನ್ನಿನ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್, 1906ರಲ್ಲಿ. ಆದರೆ ಈ ವಿಷಯ ಮಕ್ಕಳ ಥೆರಪಿ ಕೋಣೆಯವರೆಗೆ ಬಂದದ್ದು ಇತ್ತೀಚೆಗೆ. ನೋವು, ಬಿಸಿ, ತುರಿಕೆ, ಹಸಿವು ಇವೆಲ್ಲ ಮಿದುಳಿನಲ್ಲಿ ಇನ್ಸುಲಾ ಎಂಬ ಒಳಮಡಿಕೆಯ ಭಾಗಕ್ಕೆ ಬಂದು ಸೇರುತ್ತವೆ ಎಂದು ನರವಿಜ್ಞಾನಿ ಕ್ರೇಗ್ 2002ರಲ್ಲಿ ವಿವರವಾಗಿ ಬರೆದ ಮೇಲೆ ಸಂಶೋಧಕರ ಗಮನ ಇತ್ತ ಹೆಚ್ಚಾಯಿತು. ಹೊಟ್ಟೆ, ಹೃದಯ, ಶ್ವಾಸಕೋಶಗಳಿಗೆ ಹೋಗುವ ವೇಗಸ್ ಎಂಬ ನರದ ಎಳೆಗಳಲ್ಲಿ ಹೆಚ್ಚಿನವು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು ಎಂಬುದನ್ನು ನಾನು ತಿಳಿದದ್ದು ಆ ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು. ಮಿದುಳು ಆಜ್ಞೆ ಕೊಡುತ್ತದೆ ಎಂದಷ್ಟೇ ತಿಳಿದಿದ್ದ ನನಗೆ ಅದು ಇಷ್ಟೊಂದು ಕೇಳಿಸಿಕೊಳ್ಳುತ್ತದೆ ಎಂಬುದು ಹೊಸದು. ಕೆಲವು ಮಕ್ಕಳಲ್ಲಿ ಈ ಸುದ್ದಿ ಮಂದವಾಗಿ ತಲುಪುತ್ತದೆ, ಕೆಲವರಲ್ಲಿ ವಿಪರೀತ ಜೋರಾಗಿ, ಇನ್ನು ಕೆಲವರಲ್ಲಿ ಯಾವುದು ಏನೆಂದು ತಿಳಿಯದಂತೆ ಕಲಸಿಕೊಂಡು. ಆಟಿಸಂ ಅಥವಾ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ, ಯಾವ ಹೆಸರೂ ಅಂಟದ ಮಕ್ಕಳಲ್ಲಿಯೂ ಇರುತ್ತದೆ.

ಈ ಕೇಂದ್ರದ ಮೇಲೆ ನನಗೆ ವಿಶ್ವಾಸ ಮೂಡಿದ್ದು ಮೊದಲ ದಿನ ಅವರು ಏನನ್ನೂ ಆರಂಭಿಸದೆ ನಮ್ಮನ್ನು ಹಿಂದಕ್ಕೆ ಕಳುಹಿಸಿದಾಗ. ಮಕ್ಕಳ ವೈದ್ಯರ ಚೀಟಿ ಇಲ್ಲದೆ ಮೂತ್ರದ ವಿಷಯಕ್ಕೆ ಕೈ ಹಾಕುವುದಿಲ್ಲ ಎಂದರು. ಮಲಬದ್ಧತೆ ಇದ್ದರೆ ಗಟ್ಟಿಯಾಗಿ ಕಟ್ಟಿಕೊಂಡ ಮಲ ಮೂತ್ರಕೋಶವನ್ನು ಒತ್ತುತ್ತದೆ. ಎರಡಕ್ಕೆ ಹೋಗುವುದನ್ನು ಮಗು ದಿನಗಟ್ಟಲೆ ತಡೆದುಕೊಂಡರೆ ಗುದನಾಳ ಹಿಗ್ಗಿ, ಅಲ್ಲಿಯ ಅರಿವೇ ಮೊಂಡಾಗುತ್ತದೆ. ಮೂತ್ರದ ಸೋಂಕು ಇರಬಹುದು. ಇಷ್ಟು ದಿನ ಸರಿಯಿದ್ದ ಮಗು ಇದ್ದಕ್ಕಿದ್ದಂತೆ ಪದೇ ಪದೇ ನೀರು ಕುಡಿದು ಪದೇ ಪದೇ ಮೂತ್ರ ಮಾಡತೊಡಗಿದರೆ ಅದು ಮಧುಮೇಹವಾಗಿರಬಹುದು, ಆಗ ಥೆರಪಿಗಾಗಿ ಕಾಯುತ್ತ ಕೂರುವಂತಿಲ್ಲ, ಅದೇ ದಿನ ವೈದ್ಯರಲ್ಲಿಗೆ ಓಡಬೇಕು. ನಮ್ಮ ಮಗನಿಗೆ ಮಲಬದ್ಧತೆ ಇತ್ತು. ಅದಕ್ಕೆ ಔಷಧ, ಶೌಚಾಲಯದ ಕಮೋಡಿನ ಮುಂದೆ ಕಾಲಿಡಲು ಒಂದು ಮಣೆ, ಊಟವಾದ ಮೇಲೆ ಅವಸರವಿಲ್ಲದೆ ಕುಳಿತುಕೊಳ್ಳುವ ಅಭ್ಯಾಸ, ಇಷ್ಟರಲ್ಲೇ ತೊಂದರೆಯ ಒಂದು ಪಾಲು ಕರಗಿತು. ಈ ತಪಾಸಣೆಯನ್ನು ಕೇಳದೆ ಶುಲ್ಕ ಪಡೆಯುವ ಕೇಂದ್ರ ಸಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ.

ಆಮೇಲೆ ಆರಂಭವಾದ ತರಬೇತಿಯಲ್ಲಿ ಮೊದಲ ಕೆಲವು ವಾರ ಹೊಟ್ಟೆಯ ಸುದ್ದಿಯೇ ಇಲ್ಲ. ಬರೀ ಕೈ. ನೆಲದ ಮೇಲೆ ಎರಡು ಬೇಸನ್ನು, ಒಂದರಲ್ಲಿ ಐಸ್ ಹಾಕಿದ ನೀರು, ಇನ್ನೊಂದರಲ್ಲಿ ಉಗುರು ಬೆಚ್ಚಗಿನ ನೀರು. ಮಗ ಕೈ ಅದ್ದುತ್ತಾನೆ. "ಕೈ ಹೇಗಿದೆ?" ಎಂದು ಥೆರಪಿಸ್ಟ್ ಕೇಳುತ್ತಾರೆ. "ಚೆನ್ನಾಗಿದೆ" ಎನ್ನುತ್ತಾನೆ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ. ಅವರು ಸರಿ ಎನ್ನಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ತಾವೂ ಕೈ ಅದ್ದಿ, "ನನ್ನ ಬೆರಳ ತುದಿ ಚುಮುಚುಮು ಎನ್ನುತ್ತಿದೆ. ನಿನಗೆ ಬೇರೆ ಏನಾದರೂ ಇರಬಹುದು" ಎಂದು ಕಾರ್ಡುಗಳನ್ನು ಹರಡಿದರು. ತಣ್ಣಗೆ, ಬೆಚ್ಚಗೆ, ಬಿಗಿ, ಸಡಿಲ, ಒದ್ದೆ, ಅಂಟು, ಜೋಮು, ಭಾರ, ಹಗುರ, ನಡುಕ, ಉರಿ. ಅವನು ತುಂಬ ಹೊತ್ತು ನೋಡಿ ಜೋಮು ಎಂಬುದನ್ನು ಎತ್ತಿಕೊಂಡ. ಅಷ್ಟಕ್ಕೆ ಆ ದಿನದ ಕೆಲಸ ಮುಗಿಯಿತು. ಹೊಗಳಿಕೆ ಇಲ್ಲ, ಚಾಕೊಲೇಟೂ ಇಲ್ಲ. ಏಕೆಂದು ಕೇಳಿದಾಗ ಅವರು ಹೇಳಿದ್ದು ನನಗೆ ಹಿಡಿಸಿತು: "ಬಹುಮಾನ ಕೊಟ್ಟರೆ ಅವನು ನನ್ನ ಮುಖ ನೋಡಿ ಉತ್ತರ ಹೇಳುತ್ತಾನೆ. ನನಗೆ ಬೇಕಾದದ್ದು ಅವನು ತನ್ನ ಕೈಯನ್ನು ನೋಡಿ ಹೇಳುವುದು."

ಕೈಯಿಂದ ತೊಡಗುವುದಕ್ಕೆ ಕಾರಣವಿದೆ. ಕೈ ಕಣ್ಣಿಗೆ ಕಾಣುತ್ತದೆ, ಬೇಕೆಂದಾಗ ತಣ್ಣಗೆ ಮಾಡಬಹುದು, ಬಿಗಿ ಮಾಡಬಹುದು, ಬಿಡಬಹುದು. ಮೂತ್ರಕೋಶ ಕಣ್ಣಿಗೆ ಬೀಳುವುದಿಲ್ಲ. ಹೊರಗಿನ ಅಂಗದಲ್ಲಿ ಗಮನಿಸಿ ಹೇಳುವ ಅಭ್ಯಾಸ ಕೂತ ಮೇಲೆಯೇ ಒಳಗಿನದಕ್ಕೆ ಹೋಗಬೇಕು. ಕೈ ಆದ ಮೇಲೆ ಪಾದ: ತೆಂಗಿನ ನಾರಿನ ಚಾಪೆ, ಮರಳು ತುಂಬಿದ ಟ್ರೇ, ಒದ್ದೆ ನೆಲ. ಆಮೇಲೆ ಕೆನ್ನೆ, ಕಿವಿ, ಭುಜ. ಆಮೇಲೆ ಉಸಿರು. ಹೃದಯದ ಸರದಿ ಬಂದಾಗ ಕಟ್ಟಡದ ಮೆಟ್ಟಿಲನ್ನೇ ಬಳಸಿದರು. ಓಡಿ ಹತ್ತಿ ಬಂದು ಎದೆಯ ಮೇಲೆ ಅಂಗೈ ಇಟ್ಟು ನಿಲ್ಲುವುದು, ಸ್ಟೆತಸ್ಕೋಪಿನಲ್ಲಿ ಕೇಳುವುದು, ಕುಳಿತು ಐದು ನಿಮಿಷದ ಮೇಲೆ ಮತ್ತೆ ಕೇಳುವುದು. ನಾನೂ ಕಣ್ಣು ಮುಚ್ಚಿ, ನಾಡಿ ಮುಟ್ಟದೆ, ಎದೆಬಡಿತ ತಿಳಿಯುತ್ತದೆಯೇ ಎಂದು ಪ್ರಯತ್ನಿಸಿದೆ. ಇದು ಆಟವಷ್ಟೇ ಅಲ್ಲ. ನಾಡಿ ಮುಟ್ಟದೆ ತಮ್ಮ ಬಡಿತವನ್ನು ಎಣಿಸಲು ಹೇಳುವ ಪರೀಕ್ಷೆಯನ್ನು ಜರ್ಮನಿಯ ಮನೋವಿಜ್ಞಾನಿ ರೈನರ್ ಶಾಂಡ್ರಿ 1981ರಲ್ಲಿ ಪ್ರಕಟಿಸಿದ್ದರು. ದೊಡ್ಡವರಲ್ಲಿಯೂ ಕೆಲವರು ಹತ್ತಿರ ಹತ್ತಿರ ಸರಿಯಾಗಿ ಎಣಿಸುತ್ತಾರೆ, ಕೆಲವರಿಗೆ ಏನೂ ತಿಳಿಯುವುದಿಲ್ಲ. ನನಗೆ ತಿಳಿಯಲಿಲ್ಲ. ಮಗನಿಗೆ ತಿಳಿಯಿತು, ಓಡಿ ಬಂದ ಕೂಡಲೇ ಮಾತ್ರ. ಅಪ್ಪನಿಗೆ ತಿಳಿಯದ್ದು ತನಗೆ ತಿಳಿಯಿತು ಎಂಬ ಖುಷಿಯಲ್ಲಿ ಅವನು ಮುಂದಿನ ವಾರಗಳಿಗೆ ತಾನಾಗಿಯೇ ಚಪ್ಪಲಿ ಹಾಕಿಕೊಂಡು ಹೊರಟ.

ಮೂತ್ರದ ಪಾಠವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಹೆಚ್ಚಿನ ಪೋಷಕರು ಇಲ್ಲಿಗೆ ಬರುವುದು ಇದಕ್ಕಾಗಿಯೇ. ಮನೆಯಿಂದ ಹೊರಡುವಾಗ ಮಗುವಿಗೆ ನೀರು ಕುಡಿಸಿಕೊಂಡು ಬರಲು ಹೇಳುತ್ತಾರೆ, ಆಗ ತರಬೇತಿಯ ನಡುವೆಯೇ ಒತ್ತಡ ಬರುತ್ತದೆ. ಒಂದು ಬಲೂನಿಗೆ ನಲ್ಲಿಯಿಂದ ನೀರು ತುಂಬುತ್ತಾರೆ. ಸ್ವಲ್ಪ ತುಂಬಿದಾಗ ಮುಟ್ಟಿ ನೋಡು, ಇನ್ನಷ್ಟು ತುಂಬಿದಾಗ ಮುಟ್ಟಿ ನೋಡು, ಬಿಗಿದಾಗ ಮುಟ್ಟಿ ನೋಡು. "ಇಂಥದ್ದೊಂದು ನಿನ್ನ ಹೊಕ್ಕುಳಿನ ಕೆಳಗಿದೆ" ಎಂದು ಕೈ ಇಡುವ ಜಾಗ ತೋರಿಸುತ್ತಾರೆ. ಮಗುವಿನ ಮೂತ್ರಕೋಶದ ಅಂದಾಜು ಅಳತೆಗೆ ವೈದ್ಯರು ಬಳಸುವ ಸುಲಭ ಲೆಕ್ಕವೊಂದಿದೆ: ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸುವುದು. ಏಳು ವರ್ಷಕ್ಕೆ 240 ಮಿಲಿಲೀಟರ್. ಅಷ್ಟು ನೀರನ್ನು ಅಳತೆ ಲೋಟದಲ್ಲಿ ತೋರಿಸಿದಾಗ, ಶಾಲೆಯ ಇಷ್ಟು ತಾಸುಗಳನ್ನು ಇಷ್ಟರಲ್ಲೇ ಅವನು ಸುಧಾರಿಸಬೇಕಲ್ಲ ಎಂದು ನನಗೆ ಕರುಳು ಚುರುಕ್ ಎಂದಿತು.

ಶೌಚಾಲಯಕ್ಕೆ ಹೋಗುವ ಮೊದಲು ಅಲ್ಲಿ ಕೈ ಇಟ್ಟು ಒಂದು ಕ್ಷಣ ನಿಲ್ಲಬೇಕು, ಬಂದ ಮೇಲೆ ಮತ್ತೆ. ಮೊದಲು ಹೇಗಿತ್ತು, ಈಗ ಹೇಗಿದೆ? ಮಗ ಮೊದಮೊದಲು ಎರಡಕ್ಕೂ "ಏನೂ ಇಲ್ಲ" ಎನ್ನುತ್ತಿದ್ದ. ಒಂದು ಶನಿವಾರ ಥೆರಪಿಸ್ಟ್ ನನ್ನನ್ನು ಬಾಗಿಲ ಬಳಿ ಕರೆದು, ಅವನ ಬಲಗಾಲನ್ನು ನೋಡಿ ಎಂದರು. ಅವನು ಬ್ಲಾಕುಗಳನ್ನು ಜೋಡಿಸುತ್ತ ನಿಂತಿದ್ದ. ಬಲಗಾಲಿನ ಹಿಮ್ಮಡಿ ಮೇಲೆದ್ದು ಮೊಣಕಾಲು ಸಣ್ಣಗೆ ಅದುರುತ್ತಿತ್ತು, ಮುಖದಲ್ಲಿ ಮಾತ್ರ ಯಾವ ಬದಲಾವಣೆಯೂ ಇಲ್ಲ. ಇವನ ಹೊಟ್ಟೆಗಿಂತ ಮೊದಲು ಇವನ ಕಾಲು ಹೇಳುತ್ತಿದೆ, ನಾವು ಕಾಲಿನಿಂದಲೇ ಹಿಡಿಯೋಣ ಎಂದರು. ಅಂದಿನಿಂದ ಪಾಠದ ದಾರಿ ಬದಲಾಯಿತು. ಕಾಲು ಅದುರಿದರೆ ನಿಲ್ಲು, ಹೊಕ್ಕುಳಿನ ಕೆಳಗೆ ಕೈ ಇಡು, ಅಲ್ಲಿ ಏನಿದೆ ನೋಡು. ಎಲ್ಲ ಮಕ್ಕಳಿಗೂ ಒಂದೇ ಸೂಚನೆ ಇರುವುದಿಲ್ಲ, ಪ್ರತಿ ಮಗುವಿಗೂ ತನ್ನದೇ ಒಂದು ಇರುತ್ತದೆ, ಅದನ್ನು ಹುಡುಕುವುದೇ ಥೆರಪಿಸ್ಟರ ಕಸುಬು. ಮುದ್ರಿತ ಪಟ್ಟಿ ನೋಡಿಕೊಂಡು ಮನೆಯಲ್ಲೇ ಕಲಿಸಬಹುದಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಆ ಹಿಮ್ಮಡಿಯನ್ನು ನಾವು ಏಳು ವರ್ಷ ನೋಡಿದ್ದೆವು, ಅದು ಏನೆಂದು ಹೇಳಲು ಪಳಗಿದ ಕಣ್ಣು ಬೇಕಾಯಿತು.

ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಕೊಟ್ಟಾರ ಚೌಕಿಗೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಒಂದು ಸಂಜೆ ಅವನು ನನ್ನ ತೋಳು ಎಳೆದ. "ಪಪ್ಪ, ಕಾಲು ಶುರು ಮಾಡಿದೆ. ಹೊಟ್ಟೆಯ ಕೆಳಗೂ ಭಾರ ಇದೆ." ಲಾಲ್‌ಬಾಗಿನಲ್ಲಿ ಇಳಿದು ಒಂದು ಹೋಟೆಲಿನವರನ್ನು ಕೇಳಿ ಒಳಗೆ ಕರೆದುಕೊಂಡು ಹೋದೆ. ಹೊರಗೆ ಬಂದವನು ನಾನು ಕೇಳುವ ಮೊದಲೇ, "ಈಗ ಸಡಿಲ" ಎಂದ. ಮನೆಗೆ ಹೋಗಿ ಇದನ್ನು ಹೇಳಿದಾಗ ಹೆಂಡತಿ ಒಲೆ ಆರಿಸಿ ಬಂದು ಪೂರ್ತಿ ಕೇಳಿದಳು, ಇನ್ನೊಮ್ಮೆ ಹೇಳಿಸಿದಳು. ಚಡ್ಡಿ ಒದ್ದೆಯಾಗುವುದು ಪೂರ್ತಿ ನಿಂತಿದೆ ಎಂದು ಹೇಳಲಾರೆ. ನೆಗಡಿ ಜ್ವರದ ದಿನಗಳಲ್ಲಿ, ಆಟ ಬಹಳ ಏರಿದಾಗ ಈಗಲೂ ಆಗುತ್ತದೆ. ಆದರೆ ಮೊದಲಿನ ಹಾಗೆ ದಿನವೂ ಅಲ್ಲ, ಆದಾಗ ಅವನು ಬಾಗಿಲ ಹಿಂದೆ ಅಡಗುವುದೂ ಇಲ್ಲ.

ಕೇಂದ್ರದವರು ಮನೆಗೆಂದು ಒಂದು ಪೆಟ್ಟಿಗೆ ಮಾರುತ್ತಾರೆ, 850 ರೂಪಾಯಿ. ಮೈಯ ದೊಡ್ಡ ರೇಖಾಚಿತ್ರ, ಅರುವತ್ತು ಕಾರ್ಡು, ಮರಳ ಗಡಿಯಾರ, ಬಣ್ಣದ ಬಿಲ್ಲೆಗಳು. ಮಗು ತನ್ನ ಮೈಯಲ್ಲಿ ಎಲ್ಲಿ ಏನು ತಿಳಿಯುತ್ತಿದೆಯೋ ಚಿತ್ರದಲ್ಲಿ ಅಲ್ಲಿಗೆ ಬಿಲ್ಲೆ ಇಡಬೇಕು. ಚಿತ್ರವೂ ಬಿಲ್ಲೆಗಳೂ ಚೆನ್ನಾಗಿವೆ. ಕಾರ್ಡುಗಳ ಬಗ್ಗೆ ನನಗೆ ತಕರಾರು ಇತ್ತು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು, ತಪ್ಪು ಕಣ್ಣಿಗೆ ಬಿದ್ದರೆ ದಾಟಿ ಹೋಗಲು ಆಗುವುದಿಲ್ಲ. ಬಾಯಾರಿಕೆ ಎಂಬುದು ಬಯಾರಿಕೆ ಎಂದಿತ್ತು. ಚಳಿಗೆ ಹಿಮ ಬೀಳುವ ಚಿತ್ರ, ಬಿಸಿಗೆ ಬೆಂಕಿಗೂಡಿನ ಮುಂದೆ ಉಣ್ಣೆಯ ಕೋಟು ಹಾಕಿ ಕುಳಿತ ಹುಡುಗ. ಪಣಂಬೂರಿನ ಮರಳಿನಲ್ಲಿ ಅಂಗಾಲು ಸುಟ್ಟುಕೊಂಡ ಮಗುವಿಗೆ ಆ ಚಿತ್ರ ಏನು ಹೇಳೀತು? ಚಳಿಗೆ ಐಸ್‌ಕ್ಯಾಂಡಿ ಹಿಡಿದ ಕೈ, ಮಳೆಯಲ್ಲಿ ನೆನೆದ ಯೂನಿಫಾರ್ಮ್, ಸೆಕೆಗೆ ಕರೆಂಟು ಹೋದ ಮಧ್ಯಾಹ್ನದ ಬೆನ್ನಿಗಂಟಿದ ಅಂಗಿ, ಇವು ಬೇಕು ಎಂದು ಪಟ್ಟಿ ಮಾಡಿ ಕೊಟ್ಟೆ. ಅವರು ಬೇಸರಿಸದೆ ಒಪ್ಪಿದರು. ಹೊಸ ಕಾರ್ಡುಗಳ ಕರಡನ್ನು ನಾನೇ ತಿದ್ದಿದ್ದೇನೆ, ಅದಕ್ಕೆ ಹಣ ಪಡೆದಿಲ್ಲ. ಓದುವವರಿಗೆ ಇದು ತಿಳಿದಿರಬೇಕು, ಆದ್ದರಿಂದ ಪೆಟ್ಟಿಗೆಯ ಬಗ್ಗೆ ನನ್ನ ಮಾತನ್ನು ಅಷ್ಟರಮಟ್ಟಿಗೆ ತೂಗಿ ನೋಡಿ. ನಮ್ಮ ಮನೆಮಾತು ತುಳು. ಹಸಿವು, ಬಾಯಾರಿಕೆ ಎಂಬ ಕಾರ್ಡುಗಳಿಗಿಂತ ಅವುಗಳ ಹಿಂಬದಿಯಲ್ಲಿ ಥೆರಪಿಸ್ಟ್ ಸ್ಕೆಚ್ ಪೆನ್ನಿನಲ್ಲಿ ಬರೆದುಕೊಟ್ಟ ಬಡವು, ಬಾಜೆಲ್ ಎಂಬ ಮಾತುಗಳಿಗೆ ಮಗ ಬೇಗ ಸ್ಪಂದಿಸಿದ. ಕೊಂಕಣಿ, ಬ್ಯಾರಿ ಮನೆಗಳ ಮಕ್ಕಳಿಗೂ ಹಾಗೆಯೇ ಅವರವರ ಭಾಷೆಯಲ್ಲಿ ಬರೆದುಕೊಡುತ್ತಾರೆ.

ಸಮಯಕ್ಕೆ ಸರಿಯಾಗಿ ಮಣಿಕಟ್ಟಿನಲ್ಲಿ ಕಂಪಿಸಿ ನೆನಪಿಸುವ ಮಕ್ಕಳ ಕೈಗಡಿಯಾರವನ್ನೂ ನಾವು ತಂದಿದ್ದೆವು. ಅದು ಕೆಟ್ಟ ವಸ್ತುವಲ್ಲ. ದೂರದ ಪ್ರಯಾಣಕ್ಕೆ, ಶಾಲೆಯ ವಾರ್ಷಿಕೋತ್ಸವದಂಥ ಗದ್ದಲದ ದಿನಕ್ಕೆ ಈಗಲೂ ಕಟ್ಟುತ್ತೇವೆ. ಆದರೆ ಅದು ಗಂಟೆಯನ್ನು ಹೇಳುತ್ತದೆ, ಹೊಟ್ಟೆಯನ್ನು ಹೇಳುವುದಿಲ್ಲ. ಗಡಿಯಾರ ಕಂಪಿಸಿದಾಗ ನೇರ ಶೌಚಾಲಯಕ್ಕೆ ಓಡಿಸದೆ, ಮೊದಲು ಕೈ ಇಟ್ಟು ನೋಡು ಎಂದು ಸೇರಿಸಿದ ಮೇಲೆಯೇ ಅದರಿಂದ ಕಲಿಕೆ ಆದದ್ದು. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಕ್ರಮ ಬಂದಿತು, ಬಹಳ ಒಳ್ಳೆಯ ಕ್ರಮ. ಆ ಗಂಟೆಯ ಹೊತ್ತಿಗೆ ಶಿಕ್ಷಕರು, ಬಾಯಿ ಒಣಗಿದೆಯೇ, ತುಟಿ ಅಂಟುತ್ತಿದೆಯೇ ನೋಡಿ ಎಂದು ಒಂದು ಮಾತು ಕೇಳಿದರೆ ಇಡೀ ತರಗತಿಗೇ ಈ ಪಾಠ ಪುಕ್ಕಟೆಯಾಗಿ ಸಿಗುತ್ತದೆ.

ನಮ್ಮ ಕರಾವಳಿಯ ಮಕ್ಕಳಿಗೆ ಸೆಕೆಯ ಪಾಠ ಬೇರೆ ಊರಿನವರಿಗಿಂತ ಹೆಚ್ಚು ಬೇಕು. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬೆವರು ಸುರಿಯುತ್ತಲೇ ಇರುತ್ತದೆ, ಒಳಗಿನ ನೀರು ಖಾಲಿಯಾಗುತ್ತಲೇ ಇರುತ್ತದೆ. ಇಲ್ಲಿ ಮಗನಿಗೆ ಹೇಳಿಕೊಟ್ಟ ಗುರುತುಗಳು ಮೂರು: ಕುತ್ತಿಗೆಯ ಹಿಂಭಾಗ ಮುಟ್ಟಿದರೆ ಕಾದಿದೆಯೇ, ನಾಲಿಗೆ ಮೇಲಂಗುಳಕ್ಕೆ ಅಂಟುತ್ತದೆಯೇ, ಮೂತ್ರದ ಬಣ್ಣ ದಟ್ಟವಾಗಿದೆಯೇ. ಮೂರನೆಯದು ಅವನಿಗೆ ಅತ್ಯಂತ ಪ್ರಿಯವಾದದ್ದು. ಬಣ್ಣ ನೋಡಿ ಮನೆಯವರಿಗೆಲ್ಲ ವರದಿ ಕೊಡುತ್ತಾನೆ, ಅಜ್ಜಿಯ ನೀರಿನ ಲೆಕ್ಕವನ್ನೂ ವಿಚಾರಿಸುತ್ತಾನೆ.

ಹಸಿವಿನ ಪಾಠ ಮನೆಯಲ್ಲಿ ಕಷ್ಟವಾಯಿತು. ಅದು ಕಷ್ಟವಾದದ್ದು ಮಗನಿಗಲ್ಲ, ಅಜ್ಜಿಗೆ. ಊಟದ ಮೊದಲು, ನಡುವೆ, ಕೊನೆಗೆ ಮಗು ಹೊಟ್ಟೆಯ ಮೇಲೆ ಕೈ ಇಟ್ಟು, ಎದುರಿಗಿರುವ ಮೂರು ಸ್ಟೀಲ್ ಲೋಟಗಳಲ್ಲಿ ಒಂದನ್ನು ತೋರಿಸಬೇಕು: ಖಾಲಿ, ಅರ್ಧ, ತುಂಬಿದ್ದು. ತುಂಬಿದ್ದನ್ನು ತೋರಿಸಿದ ಮೇಲೆ ಇನ್ನೊಂದು ತುತ್ತು ಎಂದು ಒತ್ತಾಯಿಸುವಂತಿಲ್ಲ. ನನ್ನ ಅಮ್ಮ ನಮ್ಮನ್ನು ಸಾಕಿದ್ದೇ ಇನ್ನೊಂದು ತುತ್ತಿನಲ್ಲಿ. ಬಟ್ಟಲಲ್ಲಿ ಗಂಜಿ ಉಳಿದರೆ ಅವರಿಗೆ ನಿದ್ದೆ ಬರುವುದಿಲ್ಲ. ಥೆರಪಿಸ್ಟ್ ಅವರನ್ನು ಬರಹೇಳಿ ಕೂರಿಸಿಕೊಂಡು, "ಅಮ್ಮ, ನಿಮ್ಮ ಕೈಯ ತುತ್ತು ಅವನಿಗೆ ಬೇಕೇ ಬೇಕು. ಆದರೆ ಸಾಕು ಎಂದು ಅವನ ಹೊಟ್ಟೆ ಹೇಳಿದ್ದನ್ನು ಅವನು ಒಮ್ಮೆ ಕೇಳಿಸಿಕೊಳ್ಳಲಿ, ಅದಕ್ಕೆ ಜಾಗ ಬಿಡಿ" ಎಂದು ತುಳುವಿನಲ್ಲಿ ಹೇಳಿದರು. ಅಮ್ಮ ಹೊರಗೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಬೆಳಗ್ಗೆ ನೀರುದೋಸೆಯ ಕಾವಲಿಯ ಮುಂದೆ ನಿಂತು, "ಯಾವ ಲೋಟ ಪುಟ್ಟ?" ಎಂದು ಕೇಳಿದರು. ಮಗನ ಹಸಿವಿನ ಗುರುತು ಹೊಟ್ಟೆಯಲ್ಲಿ ಇರಲಿಲ್ಲ ಎಂಬುದು ಈ ಲೋಟಗಳಿಂದಲೇ ತಿಳಿದದ್ದು. ಅವನಿಗೆ ಮೊದಲು ತಲೆ ಭಾರವಾಗುತ್ತದೆ, ಆಮೇಲೆ ಧ್ವನಿ ಏರುತ್ತದೆ. ಪೆನ್ಸಿಲ್ ಹಾರುತ್ತಿದ್ದುದು ಅದರ ನಂತರದ ಹಂತ.

ಅಲ್ಲಿಂದ ಸಿಟ್ಟಿನ ಪಾಠಕ್ಕೆ ದಾರಿ ಹತ್ತಿರ. ಕೋಪ ಬಂದಿದೆಯೇ ಎಂದು ಕೇಳಬೇಡಿ, ಕಿವಿ ಬಿಸಿಯಾಗಿದೆಯೇ, ಹಲ್ಲು ಕಚ್ಚಿಕೊಂಡಿದೆಯೇ, ಮುಷ್ಟಿ ಬಿಗಿದಿದೆಯೇ ಎಂದು ಕೇಳಿ ಎನ್ನುತ್ತಾರೆ. ಕೋಪ ಬಂದಿದೆಯೇ ಎಂದರೆ ಮಗುವಿಗೆ ಅದು ಆರೋಪದಂತೆ ಕೇಳುತ್ತದೆ, ಇಲ್ಲ ಎಂದು ಕಿರುಚುತ್ತದೆ. ಕಿವಿ ಬಿಸಿಯೇ ಎಂದರೆ ಕಿವಿ ಮುಟ್ಟಿ ನೋಡುತ್ತದೆ. ಇದು ಮಕ್ಕಳಿಗೆ ಮಾತ್ರ ಹೊಂದುವ ಉಪಾಯ ಎಂದು ನನಗೆ ಅನಿಸುವುದಿಲ್ಲ. ಭಯದ ಬಗ್ಗೆ ಮಾತ್ರ ಅವರು ಬಹಳ ಜಾಗರೂಕರು. ಕೆಲವು ಮಕ್ಕಳು ಮೊದಲೇ ಎದೆಬಡಿತಕ್ಕೆ, ಹೊಟ್ಟೆನೋವಿಗೆ ಹೆದರಿ ಅದನ್ನೇ ಧ್ಯಾನಿಸುವವರು. ಅಂಥವರಿಗೆ ಒಳಗನ್ನು ಇನ್ನಷ್ಟು ನೋಡು ಎಂದರೆ ಭಯ ಹೆಚ್ಚಬಹುದು. ಅವರಿಗೆ ಹೃದಯದ ಅಭ್ಯಾಸವನ್ನು ಬಿಟ್ಟು ಪಾದ, ಅಂಗೈಗಳಲ್ಲೇ ಬಹಳ ಕಾಲ ಉಳಿಯುತ್ತಾರೆ. ಯಾವ ಮಗುವಾದರೂ ಬೇಡ ಎಂದರೆ ಆ ದಿನಕ್ಕೆ ಬೇಡ.

ಶಾಲೆಗೆ ಅವರು ಬರೆದುಕೊಟ್ಟ ಪತ್ರ ಒಂದು ಪುಟದ್ದು, ಕನ್ನಡದಲ್ಲಿ. ಮಗು ಮೇಜಿನ ಮೇಲೆ ಹಸಿರು ಕಾರ್ಡು ಇಟ್ಟರೆ ಪ್ರಶ್ನೆ ಕೇಳದೆ ಶೌಚಾಲಯಕ್ಕೆ ಬಿಡಿ ಎಂಬುದು ಅದರ ತಿರುಳು. ಬೆಲ್ ಹೊಡೆದ ಮೇಲೆ ಹೋಗು ಎನ್ನುವುದು ಮಕ್ಕಳಿಗೆ ಸೂಚನೆಯನ್ನು ಅಲಕ್ಷಿಸುವುದನ್ನು ಕಲಿಸಿದಂತೆ, ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ತರಗತಿ ಶಿಕ್ಷಕಿ ಪತ್ರ ಓದಿ, ಒಬ್ಬನಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂದು ಮೊದಲು ಹಿಂದೇಟು ಹಾಕಿದರು. ಆಮೇಲೆ ಎಲ್ಲರಿಗೂ ಕಾರ್ಡು ಮಾಡಿಕೊಟ್ಟರು. ತರಗತಿ ಖಾಲಿಯೇನೂ ಆಗಿಲ್ಲ. ಆ ಶಿಕ್ಷಕಿಗೆ ನನ್ನ ನಮಸ್ಕಾರ.

ಈಗ ದೂರುಗಳು. ಕೇಂದ್ರ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಗಾಲಿಕುರ್ಚಿಯ ಮಗುವನ್ನು ಅದರ ಅಪ್ಪ ಎತ್ತಿಕೊಂಡು ಹತ್ತುವುದನ್ನು ನಾನು ಕಂಡಿದ್ದೇನೆ. ಮಕ್ಕಳ ಥೆರಪಿ ಕೇಂದ್ರಕ್ಕೆ ಇದು ಸಣ್ಣ ಕೊರತೆಯಲ್ಲ, ಬಾಡಿಗೆ ಕಡಿಮೆ ಎಂಬ ಸಮಜಾಯಿಷಿ ನನಗೆ ಒಪ್ಪಿಗೆಯಾಗಿಲ್ಲ. ಪಕ್ಕದ ಕೋಣೆಯಲ್ಲಿ ಟ್ಯೂಷನ್ ನಡೆಯುತ್ತದೆ. ಮಗ್ಗಿ ಹೇಳುವ ಸದ್ದು ಗೋಡೆ ದಾಟಿ ಬರುತ್ತದೆ, ಉಸಿರನ್ನು ಗಮನಿಸುವ ಪಾಠಕ್ಕೆ ಅದು ದೊಡ್ಡ ಅಡ್ಡಿ. ಮುಕ್ಕಾಲು ಗಂಟೆಗೆ 700 ರೂಪಾಯಿ ನಮ್ಮಂಥವರಿಗೆ ಹೊರೆಯೇ. ಮಳೆಗಾಲದಲ್ಲಿ ಇನ್ನೊಂದು ಜಗಳ. ಜಿಲ್ಲಾಧಿಕಾರಿ ಮಳೆಗೆ ರಜೆ ಘೋಷಿಸಿದ ದಿನ ಶಾಲೆ ಇಲ್ಲ, ರಸ್ತೆಯಲ್ಲಿ ಮೊಣಕಾಲುದ್ದ ನೀರು, ಆದರೂ ಬಾರದವರು ಕೊಟ್ಟ ಶುಲ್ಕ ಹೋದಂತೆಯೇ. ಪೋಷಕರು ಒಟ್ಟಾಗಿ ಕೇಳಿದ ಮೇಲೆ, ರೆಡ್ ಅಲರ್ಟ್ ದಿನಗಳ ಶುಲ್ಕವನ್ನು ಮುಂದಿನ ವಾರಕ್ಕೆ ಹೊಂದಿಸುತ್ತೇವೆ ಎಂದರು. ಅದು ಬಾಯಿಮಾತಿನ ಒಪ್ಪಂದ. ಸೇರುವಾಗ ಬರೆಸಿಕೊಳ್ಳಿ.

ಖಾತ್ರಿಯ ಬಗ್ಗೆಯೂ ಒಂದು ಮಾತು. ಇಷ್ಟು ವಾರದಲ್ಲಿ ಸರಿಯಾಗುತ್ತದೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಈ ವಿಧಾನದ ಮೇಲಿನ ಸಂಶೋಧನೆ ಇನ್ನೂ ಎಳೆಯದು, ನಡೆದ ಅಧ್ಯಯನಗಳು ಸಣ್ಣವು, ನಿಮ್ಮ ಮಗನಲ್ಲಿ ಫಲ ಕಾಣದಿದ್ದರೆ ನಾನೇ ನಿಲ್ಲಿಸಲು ಹೇಳುತ್ತೇನೆ ಎಂದರು. ನೂರಕ್ಕೆ ನೂರು ಗುಣ ಎಂದು ಬೋರ್ಡು ಹಾಕುವವರ ನಡುವೆ ಈ ಮಾತಿಗೆ ಬೆಲೆ ಇದೆ.

ಖಾಸಗಿ ಶುಲ್ಕ ಕೊಡಲಾಗದವರು ಮೊದಲು ಸರ್ಕಾರಿ ವ್ಯವಸ್ಥೆಯನ್ನು ವಿಚಾರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಉಚಿತವಾಗಿ ತಪಾಸಣೆ ಮಾಡಿ ಮುಂದಿನ ಚಿಕಿತ್ಸೆಗೆ ಕಳುಹಿಸುವ ಏರ್ಪಾಡು ಇದೆ. ಅಂಗನವಾಡಿ ಅಥವಾ ಸರ್ಕಾರಿ ಶಾಲೆಯ ಮೂಲಕ ಕೇಳಬಹುದು. ಉಡುಪಿ ಕಡೆಯವರಿಗೆ ಮಣಿಪಾಲ ಹತ್ತಿರ. ಅಲ್ಲಿ ಆಕ್ಯುಪೇಷನಲ್ ಥೆರಪಿಯನ್ನು ಕಾಲೇಜಿನ ಮಟ್ಟದಲ್ಲಿ ಕಲಿಸುವ ವಿಭಾಗವೇ ಇದೆ. ಎಲ್ಲಿಗೆ ಹೋದರೂ ಮೊದಲ ಭೇಟಿಯಲ್ಲಿ ಎರಡು ಪ್ರಶ್ನೆ ಕೇಳಿ: ವೈದ್ಯರ ತಪಾಸಣೆ ಆಗಿರಬೇಕೆಂದು ನೀವು ಒತ್ತಾಯಿಸುತ್ತೀರಾ? ತರಬೇತಿಯ ಹೊತ್ತಿಗೆ ಪೋಷಕರು ಒಳಗೆ ಕುಳಿತು ನೋಡಬಹುದೇ? ಎರಡಕ್ಕೂ ಹೌದು ಎಂದರೆ ಮುಂದುವರಿಯಿರಿ.

ಬೆಂದೂರ್‌ವೆಲ್‌ನ ಈ ಕೇಂದ್ರದಲ್ಲಿ ಜೂನ್ ತಿಂಗಳಲ್ಲಿ ಹೊಸಬರಿಗೆ ಸಮಯ ಸಿಗುವುದು ಬಹಳ ಕಷ್ಟ, ಬೇಸಿಗೆ ರಜೆಯಲ್ಲೇ ಹೆಸರು ಬರೆಸಿಡಬೇಕು. ಶನಿವಾರ ಟ್ಯೂಷನ್ನಿನ ಸದ್ದು ಹೆಚ್ಚು, ಬುಧವಾರ ಸಂಜೆ ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳಿ. ಬರುವಾಗ ಒಂದು ಜೊತೆ ಬದಲಿ ಬಟ್ಟೆ, ಟವೆಲ್, ಮಗುವಿನದೇ ನೀರಿನ ಬಾಟಲಿ ತನ್ನಿ. ವೈದ್ಯರ ಚೀಟಿಯ ಒಂದು ನಕಲು ಪ್ರತಿಯನ್ನು ಅವರೇ ಇಟ್ಟುಕೊಳ್ಳುತ್ತಾರೆ, ಮೂಲವನ್ನು ಕೊಡಬೇಡಿ.